ಹಿಡಿ, ಆದ್ರೆ ಮುಟ್ಬೇಡ

ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೊಂದು ಗೊಂದಲವಿತ್ತು. ಅಪರೂಪಕ್ಕೆ ಕಾಲಲ್ಲಿ ಒದ್ದು, ಉಳಿದ ಹೊತ್ತೆಲ್ಲ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರು? ಅದು ಇವತ್ತಿಗೂ ಬಗೆಹರಿದಿಲ್ಲ. ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಈ ಆಟದಲ್ಲಿ ಡಿಫೆನ್ಸ್‌ನವರು, ಅಂದರೆ ಎದುರಾಳಿಗೆ ಪಾಯಿಂಟ್ ಸಿಗದ ಹಾಗೆ ತಡೆಯುವವರು, ಏನು ಮಾಡಬೇಕು ಅಂತ ಯಾರಾದರೂ ಒಂದು ಸಲ ಬಿಡಿಸಿ ಹೇಳಬಾರದಾ?

ನಾವಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಭಾನುವಾರ ಬಂದರೆ ಊರಿನ ತಂಡ ಸ್ಟೀಲರ್ಸ್‌ಗಾಗಿ ಊರಿಗೆ ಊರೇ ಹಳದಿ ಟವೆಲ್ ಬೀಸುತ್ತದೆ. ಮೊನ್ನೆ ಮಗ ಸೋಫಾದಲ್ಲಿ ಬಿದ್ದುಕೊಂಡು, ಮೊಬೈಲ್‌ನಿಂದ ಕಣ್ಣು ತೆಗೆಯದೆ ತೀರ್ಪು ಕೊಟ್ಟ: "ಅಪ್ಪ, ಈಗಿನ ಡಿಫೆನ್ಸ್‌ಗಳೆಲ್ಲ ವೇಸ್ಟ್. 1976ರಲ್ಲಿ ನಮ್ಮ ಸ್ಟೀಲರ್ಸ್ ಕೊನೆಯ 9 ಮ್ಯಾಚ್ ಸೇರಿಸಿ ಬಿಟ್ಟುಕೊಟ್ಟಿದ್ದು ಬರೀ 28 ಪಾಯಿಂಟ್. ಅದರಲ್ಲಿ 5 ಮ್ಯಾಚ್ ಸೊನ್ನೆ. ಈಗಿನವರು ಅಷ್ಟನ್ನು ಒಂದೇ ಮಧ್ಯಾಹ್ನ ಬಿಟ್ಟುಕೊಡ್ತಾರೆ."

ಲೆಕ್ಕ ಸರಿಯೇ. ಆದರೆ ಆ ಲೆಕ್ಕ ಕಂಡು ಹೊಟ್ಟೆ ಉರಿದವರು ಆಮೇಲೆ ಏನು ಮಾಡಿದರು ಅನ್ನೋದು ಅವನ ಮೊಬೈಲ್‌ನಲ್ಲಿ ಇರಲಿಲ್ಲ.

ಆ ಸ್ಟೀಲರ್ಸ್ ತಂಡದಲ್ಲಿ ಮೆಲ್ ಬ್ಲೌಂಟ್ ಅಂತ ಒಬ್ಬರಿದ್ದರು. ಚೆಂಡು ಹಿಡಿಯಲು ಓಡುವ ರಿಸೀವರ್‌ಗೆ ದಾರಿಯುದ್ದಕ್ಕೂ ಭುಜ ಕೊಟ್ಟು, ಆತ ಮನೆ ವಿಳಾಸವನ್ನೇ ಮರೆಯುವ ಹಾಗೆ ಮಾಡುತ್ತಿದ್ದರು. 1977ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ 14 ಮ್ಯಾಚ್‌ಗಳಲ್ಲಿ ಬರೀ 129 ಪಾಯಿಂಟ್ ಬಿಟ್ಟುಕೊಟ್ಟಿತು. ಜನ ಆಕಳಿಸಿದರು. 1978ಕ್ಕೆ ಹೊಸ ನಿಯಮ ಬಂತು: ಮೊದಲ 5 ಗಜದೊಳಗೆ ರಿಸೀವರ್‌ನನ್ನು ಎಷ್ಟಾದರೂ ತಳ್ಳು, ಅದರಾಚೆ ಮುಟ್ಟಬೇಡ. ಐದು ಗಜ ಅಂದರೆ ನಮ್ಮ ಹಾಲ್‌ನಲ್ಲಿ ಸೋಫಾದಿಂದ ಫ್ರಿಜ್‌ವರೆಗೆ. ಅಲ್ಲಿಯವರೆಗೆ ನೀನು ಪೊಲೀಸ್, ಅಲ್ಲಿಂದ ಮುಂದೆ ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವವನು. ಅದೇ ವರ್ಷ ಎದುರು ತಂಡದಲ್ಲಿ ಚೆಂಡು ಎಸೆಯುವವನಿಗೆ ಕಾವಲು ನಿಲ್ಲುವ ದಢೂತಿ ಆಳುಗಳಿಗೆ ಕೈ ಚಾಚಿ, ಅಂಗೈ ಬಿಚ್ಚಿ ತಡೆಯಲು ಅನುಮತಿ ಸಿಕ್ಕಿತು. ಒಬ್ಬರ ಕೈ ಕಟ್ಟಿ ಇನ್ನೊಬ್ಬರ ಕೈ ಬಿಚ್ಚಿದರು. ಇದಕ್ಕೆ ಸಮತೋಲನ ಅಂತ ಹೆಸರು.

ತಮಾಷೆ ಏನು ಗೊತ್ತಾ? ಜನ ಆ ನಿಯಮಕ್ಕೆ ಬ್ಲೌಂಟ್ ಹೆಸರನ್ನೇ ಇಟ್ಟರು. ಆದರೆ ಮೊದಲು ಲಾಭ ಮಾಡಿಕೊಂಡಿದ್ದು ಬ್ಲೌಂಟ್ ತಂಡವೇ. ಸ್ಟೀಲರ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವರು, ಟೆರ್ರಿ ಬ್ರ್ಯಾಡ್‌ಷಾ ಅದೇ ವರ್ಷ 28 ಟಚ್‌ಡೌನ್ ಪಾಸ್ (ಎದುರಾಳಿಯ ಗೆರೆ ದಾಟಿಸಿ ಪಾಯಿಂಟ್ ತರುವ ಎಸೆತ) ಎಸೆದು ಲೀಗ್‌ಗೇ ಮೊದಲಿಗರಾದರು. ತಂಡ ಆ ಸೀಸನ್ನಿನ ಫೈನಲ್ ಆದ ಸೂಪರ್ ಬೌಲೂ ಗೆದ್ದಿತು, ಮುಂದಿನದನ್ನೂ ಗೆದ್ದಿತು.

ಇಷ್ಟಕ್ಕೇ ಮುಗಿಯಲಿಲ್ಲ. 2004ರ ಜನವರಿಯಲ್ಲಿ ಪೇಟ್ರಿಯಟ್ಸ್ ಡಿಫೆನ್ಸ್ ಕೋಲ್ಟ್ಸ್ ರಿಸೀವರ್‌ಗಳನ್ನು ಸಂತೆಯಲ್ಲಿ ತಳ್ಳಿದ ಹಾಗೆ ತಳ್ಳಿ ಗೆದ್ದಿತು. ಕೋಲ್ಟ್ಸ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರ 4 ಎಸೆತ ಎದುರಾಳಿಗಳ ಕೈ ಸೇರಿತು. ನಿಯಮ ನೋಡಿಕೊಳ್ಳುವ ಸಮಿತಿಯಲ್ಲಿ ಕೋಲ್ಟ್ಸ್ ತಂಡದ ಅಧ್ಯಕ್ಷರೂ ಇದ್ದರು. ಮುಂದಿನ ಸೀಸನ್ನಿಗೆ, ಆ ಐದು ಗಜದ ನಿಯಮವನ್ನು ಕಟ್ಟುನಿಟ್ಟಾಗಿ ನೋಡಿ ಅಂತ ರೆಫರಿಗಳಿಗೆ ಸೂಚನೆ ಹೋಯಿತು. ಆ ಸೀಸನ್ನಿನಲ್ಲಿ ಮ್ಯಾನಿಂಗ್ 49 ಟಚ್‌ಡೌನ್ ಎಸೆದು ದಾಖಲೆ ಮಾಡಿದರು. ಟಿವಿಯವರು ಮಾತ್ರ "ಡಿಫೆನ್ಸ್‌ಗಳಿಗೆ ಏನಾಗಿದೆ?" ಅಂತ ಗಂಭೀರವಾಗಿ ತಲೆ ಕೆರೆದುಕೊಂಡರು.

2018ರದ್ದು ಇನ್ನೂ ಚೆನ್ನಾಗಿದೆ. ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸಬಹುದು, ಆದರೆ ನಿನ್ನ ಮೈಭಾರವೆಲ್ಲ ಅವನ ಮೇಲೆ ಬೀಳಬಾರದು ಅಂತ ಬಿಗಿ ಮಾಡಿದರು. ನೂರಿಪ್ಪತ್ತು ಕೆಜಿ ಆಳು ಓಡಿ ಬಂದು, ಹಿಡಿದು, ಬೀಳಿಸಿ, ಗಾಳಿಯಲ್ಲೇ ತೂಕ ಇಳಿಸಿಕೊಳ್ಳಬೇಕು. ನಮ್ಮ ಕಡೆ ಯೋಗಿಗಳು ಇದಕ್ಕೆ ಹನ್ನೆರಡು ವರ್ಷ ತಪಸ್ಸು ಮಾಡುತ್ತಿದ್ದರು. ಡಾಲ್ಫಿನ್ಸ್ ತಂಡದ ವಿಲಿಯಂ ಹೇಯ್ಸ್ ಪ್ರಾಮಾಣಿಕವಾಗಿ ಪ್ರಯತ್ನ ಪಟ್ಟರು. ಎದುರಿನ ಕ್ವಾರ್ಟರ್‌ಬ್ಯಾಕ್ ಮೇಲೆ ಭಾರ ಹಾಕಬಾರದು ಅಂತ ಮೈ ತಿರುಗಿಸಲು ಹೋಗಿ, ತಮ್ಮದೇ ಮಂಡಿಯ ಲಿಗಮೆಂಟ್ ಹರಿದುಕೊಂಡರು. ಅವರ ಸೀಸನ್ ಅಲ್ಲಿಗೇ ಮುಗಿಯಿತು. ಕೆಳಗೆ ಬಿದ್ದವನು ಎದ್ದು ಮುಂದಿನ ಎಸೆತಕ್ಕೆ ಹೋದ.

ಅದೇ ವರ್ಷ ನವೆಂಬರ್‌ನಲ್ಲಿ ಚೀಫ್ಸ್ 51 ಪಾಯಿಂಟ್ ಹೊಡೆದೂ ರ‍್ಯಾಮ್ಸ್ ಎದುರು ಸೋತಿತು. ರ‍್ಯಾಮ್ಸ್ ಹೊಡೆದಿದ್ದು 54. ಆಹಾ, ಆಟ ಅಂದರೆ ಇದು ಅಂದರು. ಮೂರು ತಿಂಗಳಿಗೆ ಅದೇ ರ‍್ಯಾಮ್ಸ್ ಸೂಪರ್ ಬೌಲ್‌ನಲ್ಲಿ 13-3ಕ್ಕೆ ಸೋತಿತು. ಎರಡೂ ಡಿಫೆನ್ಸ್‌ಗಳು ಜೀವ ತೇಯ್ದು ಆಡಿದ್ದವು. ಛೀ, ಎಂಥಾ ಬೋರು ಅಂದರು, ಇದೇ ಜನ.

ಇನ್ನು ಅಂಕಿ-ಅಂಶದ ಇಲಾಖೆಗೆ ಬರೋಣ. ಡಿಫೆನ್ಸ್‌ಗಳ ರ‍್ಯಾಂಕ್ ಹಾಕುವುದು ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ, ಅಂದರೆ ಎದುರಾಳಿ ಚೆಂಡು ಹಿಡಿದು ಎಷ್ಟು ದೂರ ಮುಂದೆ ಬಂದ ಅಂತ. 2011ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಆ ಪಟ್ಟಿಯಲ್ಲಿ 32 ತಂಡಗಳ ಪೈಕಿ 32ನೇದು. ತರಗತಿಗೇ ಲಾಸ್ಟು. ಅದೇ ಡಿಫೆನ್ಸ್ ಆ ವರ್ಷ ಕಸಿದುಕೊಂಡ ಎಸೆತ 31, ಲೀಗ್‌ನಲ್ಲೇ ಜಾಸ್ತಿ. ತಂಡ 16ರಲ್ಲಿ 15 ಮ್ಯಾಚ್ ಗೆದ್ದಿತ್ತು. ಸದಾ ಮುಂದಿರುವ ತಂಡದ ಎದುರು ಹಿಂದೆ ಬಿದ್ದವರು ಎಸೆಯುತ್ತಲೇ ಇರುತ್ತಾರೆ, ಗಜ ಬೆಳೆಯುತ್ತಲೇ ಹೋಗುತ್ತದೆ. ಇದು ಸಂತೆಯಲ್ಲಿ ಸೊಪ್ಪು ಮಾರುವವರಿಗೂ ತಿಳಿಯುವ ಗಣಿತ. ಪಟ್ಟಿ ಮಾಡುವವರಿಗೆ ಮಾತ್ರ ತಿಳಿಯುವುದಿಲ್ಲ.

ಗಜ ಬೇಡ, ಪಾಯಿಂಟ್ ನೋಡೋಣ ಅಂದಿರಾ? ಸರಿ. 2000ದ ಸೀಸನ್ನಿನ ಬಾಲ್ಟಿಮೋರ್ ರೇವನ್ಸ್ ತಗೊಳ್ಳಿ. 16 ಮ್ಯಾಚ್‌ನಲ್ಲಿ ಬಿಟ್ಟುಕೊಟ್ಟಿದ್ದು 165. ಸೂಪರ್ ಬೌಲ್ ಗೆದ್ದಿದ್ದು 34-7ಕ್ಕೆ. ಆ 7 ಬಂದಿದ್ದು ಕಿಕ್‌ಆಫ್, ಅಂದರೆ ರೇವನ್ಸ್ ಒದ್ದು ಕಳಿಸಿದ ಚೆಂಡು, ಹಿಡಿದು ಓಡಿದ ಓಟದಿಂದ. ಆಗ ರೇವನ್ಸ್ ಡಿಫೆನ್ಸ್ ಮೈದಾನದಲ್ಲೇ ಇರಲಿಲ್ಲ, ಬೆಂಚಿನ ಮೇಲೆ ನೀರು ಕುಡಿಯುತ್ತಿತ್ತು. ಆದರೂ ಬಿಟ್ಟುಕೊಟ್ಟ ಪಾಯಿಂಟ್ ಎಷ್ಟು ಅಂದರೆ 7. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಆ ಬರೆಯನ್ನು ಇಲ್ಲಿ ದಶಮಾಂಶದವರೆಗೂ ಎಳೆಯುತ್ತಾರೆ.

ಸ್ಯಾಕ್ ಕಥೆ ಕೇಳಿ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದಕ್ಕೆ ಸ್ಯಾಕ್ ಅಂತಾರೆ. 2002ರ ಜನವರಿ 6ರಂದು ಜೈಂಟ್ಸ್ ತಂಡದ ಮೈಕೆಲ್ ಸ್ಟ್ರಾಹನ್‌ಗೆ ದಾಖಲೆಗೆ ಒಂದೇ ಒಂದು ಸ್ಯಾಕ್ ಬಾಕಿ. ಎದುರಿಗೆ ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್. ಫಾವ್ರ್ ತಂಡ ಮುಂದಿದೆ, ಆಟ ಮುಗಿಯುತ್ತಾ ಬಂದಿದೆ. ಫಾವ್ರ್ ಚೆಂಡು ಹಿಡಿದು ಪಕ್ಕಕ್ಕೆ ನಾಲ್ಕು ಹೆಜ್ಜೆ ಓಡಿದರು, ಯಾರೂ ಮುಟ್ಟುವ ಮೊದಲೇ ಸ್ಟ್ರಾಹನ್ ಕಾಲ ಬುಡದಲ್ಲಿ ಜಾರಿ ಮಲಗಿದರು. ಸ್ಟ್ರಾಹನ್ ಮೇಲೆ ಕೈ ಇಟ್ಟರು, ದೇವಸ್ಥಾನದಲ್ಲಿ ಆರತಿ ಮುಟ್ಟಿದ ಹಾಗೆ. ಒಂದು ಸ್ಯಾಕ್! ಒಟ್ಟು 22.5, ಹೊಸ ದಾಖಲೆ.

ಮಗನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಪಕ್ಕದ ಮನೆ ಅಜ್ಜ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಬಣ್ಣ ಹೋದ ಹಳದಿ ಟವೆಲ್. ಎಪ್ಪತ್ತರ ದಶಕದ ಸ್ಟೀಲರ್ಸ್ ಅಂದರೆ ಅವರಿಗೆ ಜೋ ಗ್ರೀನ್. ಎದುರಿಗೆ ನಿಂತ ಕ್ವಾರ್ಟರ್‌ಬ್ಯಾಕ್‌ಗಳನ್ನು ಆತ ಹೇಗೆ ಎತ್ತಿ ಹಾಕುತ್ತಿದ್ದ ಅಂತ ನಮ್ಮ ಕಾಫಿ ಟೇಬಲ್ ಮೇಲೆ ಬಿಸ್ಕತ್ತು ಜೋಡಿಸಿ ತೋರಿಸಿದರು.

ಮಗ ಮೊಬೈಲ್ ತಿಕ್ಕಿದ. ಮುಖ ಸಪ್ಪಗಾಯಿತು. "ಗ್ರೀನ್ ಆಡಿದ ಕೊನೆಯ ಸೀಸನ್ 1981. ಸ್ಯಾಕ್ ಲೆಕ್ಕ ಅಧಿಕೃತವಾಗಿ ಶುರುವಾಗಿದ್ದು 1982ಕ್ಕೆ. ಹಾಗಾಗಿ ಅವರ ಅಧಿಕೃತ ಸ್ಯಾಕ್... ಒಂದೂ ಇಲ್ಲ."

ಅಜ್ಜ ಬಿಸ್ಕತ್ತು ಬಾಯಿಗೆ ಹಾಕಿಕೊಂಡರು. "ಓಹೋ. ಹಾಗಾದ್ರೆ ಅವರೆಲ್ಲ ತಾವಾಗೇ ಜಾರಿ ಬಿದ್ರಾ?"