ಸಾಲದ ಪಟ್ಟಿಯೂ ಮುಯ್ಯಿ ಪುಸ್ತಕವೂ

ನಮ್ಮ ಚಿಕ್ಕಪ್ಪನ ಮಗಳಿಗೆ ಮಂಡ್ಯದ ಹುಡುಗ ಗೊತ್ತಾದಾಗ ಅವಳು ಕೇಳಿದ್ದು ಒಂದೇ. ತಾಳಿಗೆ ಮುಂಚೆ ಇಬ್ಬರೂ ತಮ್ಮ ಸಾಲ, ಉಳಿತಾಯ, ಒಡವೆ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಹುಡುಗ ಒಪ್ಪಿದ. ಒಪ್ಪದವರು ಅವನ ಸೋದರಮಾವ. "ಇನ್ನೂ ಮದ್ವೆನೇ ಆಗಿಲ್ಲ, ಆಗ್ಲೇ ಭಾಗದ ಪತ್ರನಾ?" ಅಂತ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟರು.

ಸರಿ, ಮೈಸೂರಿನಲ್ಲಿ ಪರಿಚಯದ ವಕೀಲರ ಹತ್ತಿರ ಹೋದೆವು. ಮಾವ ಕೂಡ ಬಂದರು, ಕೇಸು ಗೆಲ್ಲುವ ಹುರುಪಿನಲ್ಲಿ. ಗೋವಾದಲ್ಲಾದರೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇದೆ, ಮದುವೆಗೆ ಮೊದಲೇ ಆಸ್ತಿ ಕರಾರು ಮಾಡಿಕೊಳ್ಳಬಹುದು ಅಂದರು ವಕೀಲರು. ನಮ್ಮ ಕಡೆ ಹಿಂದೂ ಮದುವೆಗೆ ಅಂಥ ಕಾನೂನು ಇಲ್ಲ, ಬರೆದುಕೊಂಡರೂ ಸಾರ್ವಜನಿಕ ನೀತಿಗೆ ವಿರುದ್ಧ ಅಂತ 1872ರ ಕರಾರು ಕಾಯ್ದೆಯ 23ನೇ ಕಲಮಿನಲ್ಲಿ ಬಿದ್ದುಹೋಗುವ ಸಾಧ್ಯತೆ ಜಾಸ್ತಿ. ಮಾವ ಮೀಸೆ ತಿರುವಿದರು.

"ಆದರೆ ಒಂದು ಪಟ್ಟಿ ಮಾತ್ರ ಬರೀಲೇಬೇಕು" ಅಂದರು ವಕೀಲರು. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮ. ಏನೇನು ಉಡುಗೊರೆ ಬಂತು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಎಲ್ಲಾ ಬರೆದು ವಧು-ವರರು ಸಹಿ ಮಾಡಬೇಕು.

"ಅದನ್ನ ನಮಗೆ ಹೇಳ್ಕೊಡಬೇಕಾ? ಮುಯ್ಯಿ ಪುಸ್ತಕ ಅಲ್ವಾ!" ಅಂದರು ಮಾವ.

ಮಾತು ನಿಜ. ಛತ್ರದ ಬಾಗಿಲಲ್ಲೇ ಟೇಬಲ್ ಹಾಕಿ, ಕವರ್ ಒಡೆದು, ಊರು, ಹೆಸರು, ಮೊತ್ತ ಬರೆದುಕೊಂಡು, ಆ ಪುಸ್ತಕವನ್ನು ಬೀರುವಿನಲ್ಲಿ ಜೋಪಾನ ಮಾಡಿ, ಇಪ್ಪತ್ತು ವರ್ಷ ಆದ ಮೇಲೂ ತೆಗೆದು ನೋಡಿ 'ಇವರು ನಮಗೆ 101 ಹಾಕಿದ್ದು' ಅಂತ ಹೇಳುವ ಜನ ನಾವು. ಲೆಕ್ಕಕ್ಕೆ ನಾಚಿಕೆ ಇಲ್ಲ. ಸಾಲ ಬರಿ ಅಂದರೆ ಮಾತ್ರ ಮಾನ ಹೋಗುತ್ತದೆ.

ಕೊನೆಗೆ, ಕೋರ್ಟಿಗಲ್ಲ, ಸುಮ್ನೆ ನಮಗೋಸ್ಕರ ಅಂತ ಇಬ್ಬರೂ ಅಲ್ಲೇ ಬರೆಯಲು ಕೂತರು. ಅವಳದು ಓದಿನ ಸಾಲ, ಪಿಪಿಎಫ್, ಅಜ್ಜಿ ಕೊಟ್ಟ ಎರಡೆಳೆ ಸರ. ಸರ ಅಂದ ತಕ್ಷಣ ಚಿಕ್ಕಮ್ಮ ಕೆಮ್ಮಿದರು. ಅದು ಚೀಟಿ ಕಂತಿಗಾಗಿ ಬ್ಯಾಂಕಿನಲ್ಲಿ ಅಡವು ಕೂತಿತ್ತು. ಚಿಕ್ಕಪ್ಪನಿಗೂ ಗೊತ್ತಾಗಿದ್ದು ಆಗಲೇ. ವಕೀಲರು ಫ್ಯಾನ್ ಜೋರು ಮಾಡಿದರು.

ಹುಡುಗನದು ಬೈಕಿನ ಇಎಂಐ, ಕ್ರೆಡಿಟ್ ಕಾರ್ಡಿನ ಬಾಕಿ. ಕೆಳಗೆ ಇನ್ನೊಂದು ಸಾಲು: 'ಜಾಮೀನು – ಮಾವನ ಟ್ರ್ಯಾಕ್ಟರ್ ಸಾಲ'.

ಎಲ್ಲರೂ ಮಾವನ ಕಡೆ ತಿರುಗಿದೆವು. ಮಾವ ಕಿಟಕಿ ಕಡೆ ತಿರುಗಿದರು.

ವಕೀಲರು ಅದೇ 1872ರ ಕಾಯ್ದೆಯಲ್ಲಿ 128ನೇ ಕಲಂ ತೆಗೆದರು. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಗಂಡ ಹೆಂಡತಿ ಕರಾರಿಗೆ ಆಗದ ಕಾಯ್ದೆ ಮಾವ ಅಳಿಯನ ಟ್ರ್ಯಾಕ್ಟರಿಗೆ ಎಷ್ಟು ಚೆನ್ನಾಗಿ ಆಗುತ್ತದೆ ನೋಡಿ!

"ಕಬ್ಬಿನ ಬಿಲ್ ಬರ್ಲಿ, ಕಟ್ಬಿಡ್ತೀನಿ" ಅಂದರು ಮಾವ.

ಮದುವೆ ದಿನ ಅವರು ಸೀದಾ ಮುಯ್ಯಿ ಟೇಬಲ್ಲಿಗೆ ಬಂದು, ನಾಲ್ಕು ಜನಕ್ಕೆ ಕೇಳುವ ಹಾಗೆ 5,001 ಬರೆಸಿದರು. ಆ ತಿಂಗಳ ಟ್ರ್ಯಾಕ್ಟರ್ ಕಂತು ಕಟ್ಟಿದ್ದು ಮದುಮಗ.