ಕಾಡಿಂದ ಬಂದವನಿಗೆ ಹಂಡೆ ತುಂಬ ಬಿಸಿನೀರು

ಕಾಡಿನಲ್ಲಿ ನಾಲ್ಕು ದಿನ ಇದ್ದು ಬಂದವರೆಲ್ಲ ಒಂದು ಪೋಸ್ಟ್ ಹಾಕುತ್ತಾರೆ. ಮೊಬೈಲ್ ಇಲ್ಲ, ಫ್ಯಾನ್ ಇಲ್ಲ, ಆದರೂ ಎಷ್ಟು ನೆಮ್ಮದಿ, ಮನುಷ್ಯನಿಗೆ ಬೇಕಾಗಿರುವುದು ಎಷ್ಟು ಕಮ್ಮಿ ನೋಡಿ ಅಂತ. ಹುಲಿ ಗಣತಿಗೆ ಸ್ವಯಂಸೇವಕನಾಗಿ ನಾಗರಹೊಳೆಗೆ ಹೋಗಿ ಬಂದ ನನಗೆ ಆಗಿದ್ದು ಇದರ ಉಲ್ಟಾ. ನನಗೆ ಬೇಕಾಗಿರುವುದು ಬಹಳ ಇದೆ. ಹಂಡೆ ತುಂಬ ಬಿಸಿನೀರು ಬೇಕು. ಒಣಗಿದ ಟವೆಲ್ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಯಾರೋ ಮಾಡಿಟ್ಟ ಬೆಲ್ಲದ ಕಾಫಿ ಬೇಕು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಗಣತಿ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊಡಗಿನ ಗೋಣಿಕೊಪ್ಪಲಿನಲ್ಲಿ ಬಸ್ ಇಳಿದಲ್ಲಿಂದ ಸಿಕ್ಕವರೆಲ್ಲ ಕೇಳಿದ್ದು ಒಂದೇ: "ಎಷ್ಟು ಹುಲಿ ಎಣಿಸಿದೆ?" ಒಂದೂ ಇಲ್ಲ. ನಾವು ನಡೆದು ಹುಡುಕುವುದು ಹುಲಿಯನ್ನಲ್ಲ, ಅದು ಬಿಟ್ಟು ಹೋದ ಗುರುತುಗಳನ್ನು. ಹೆಜ್ಜೆ, ಮಲ, ಮರದ ಮೇಲಿನ ಉಗುರಿನ ಗೀರು. ದಿನಕ್ಕೆ ಕಮ್ಮಿ ಅಂದರೂ 5 ಕಿ.ಮೀ. ನಡಿಗೆ. ಈ ಹುಡುಕಾಟದ ದಿನಗಳು ಮುಗಿದ ಮೇಲೆ 2 ಕಿ.ಮೀ. ಉದ್ದದ ನೇರ ಗೆರೆಯಲ್ಲಿ ಬೆಳಕು ಹರಿಯುವಾಗ ಸದ್ದಿಲ್ಲದೆ ನಡೆದು, ಕಂಡ ಜಿಂಕೆ, ಕಡವೆ, ಕಾಟಿಗಳನ್ನು ಬರೆದುಕೊಳ್ಳಬೇಕು. ಒಣಗಿದ ತೇಗದ ಎಲೆ ಮೇಲೆ ಸದ್ದಿಲ್ಲದೆ ನಡೆಯುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲ್ಲ. ಅದೇ ಗೆರೆಯಲ್ಲಿ ಅಲ್ಲಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಕ್ಕೆ ಎಣಿಸಬೇಕು. ಹೌದು, ಓದು ಬರಹ ಕಲಿತದ್ದು ಜಿಂಕೆ ಹಿಕ್ಕೆ ಎಣಿಸಲಿಕ್ಕೂ ಉಪಯೋಗಕ್ಕೆ ಬಂತು. ಹುಲಿಗಳನ್ನು ಒಂದೊಂದಾಗಿ ಗುರುತು ಹಿಡಿಯುವುದು ಮರಕ್ಕೆ ಕಟ್ಟಿದ ಕ್ಯಾಮೆರಾಗಳ ಫೋಟೋದಿಂದ, ಮೈಮೇಲಿನ ಪಟ್ಟೆ ನೋಡಿ. ನಾಲ್ಕು ವರ್ಷಕ್ಕೊಮ್ಮೆ ಈ ಕ್ರಮದಲ್ಲಿ ಲೆಕ್ಕ ನಡೆಯುತ್ತಿರುವುದು 2006ರಿಂದ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಬಂದ ಅಂದಾಜು 563, ನಾಗರಹೊಳೆ ಒಂದರಲ್ಲೇ 141.

ನಮ್ಮನ್ನು ಇಳಿಸಿದ್ದು ಕಳ್ಳಬೇಟೆ ತಡೆ ಶಿಬಿರದಲ್ಲಿ. ಸುತ್ತ ಆನೆ ಕಂದಕ, ನಡುವೆ ಒಂದು ಪುಟ್ಟ ಕಟ್ಟಡ, ಎದುರಿಗೆ ಹಡ್ಲು, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲು. ನೋಡಲು ಚೆಂದವೋ ಚೆಂದ. ಸಂಜೆ ಹಡ್ಲಿಗೆ ಜಿಂಕೆಗಳು ಇಳಿಯುವಾಗ ಮಾತೇ ಬರಲ್ಲ. ಆದರೆ ಆರೂವರೆಗೆ ಕತ್ತಲಾಗುತ್ತದೆ, ಆಮೇಲೆ ಕಂದಕದ ಆಚೆ ಕಾಲಿಡುವಂತಿಲ್ಲ. ಶೌಚಕ್ಕೆ ಹೋಗುವುದಿದ್ದರೆ ಬೆಳಕಿದ್ದಾಗಲೇ ಮುಗಿಸಬೇಕು, ರಾತ್ರಿ ತಡೆಯಲಾಗದಿದ್ದರೆ ಒಬ್ಬರನ್ನು ಎಬ್ಬಿಸಿ ಟಾರ್ಚ್ ಹಿಡಿಸಬೇಕು. ಸೋಲಾರ್ ದೀಪ ಮಿಣಿಮಿಣಿ. ಊಟ ಅನ್ನ, ಆಲೂಗಡ್ಡೆ ಸಾರು. ಮಾರನೇ ದಿನ ಅನ್ನ, ಈರುಳ್ಳಿ ಸಾರು. ರುಚಿ ಇರಲಿಲ್ಲ ಅಂತಲ್ಲ, ಹಸಿದು ಬಂದವನಿಗೆ ಅದೇ ಮೃಷ್ಟಾನ್ನ. ಆದರೆ ಮೂರನೇ ಸಲ ತಟ್ಟೆ ಮುಂದೆ ಕೂತಾಗ ಮನಸ್ಸು ಸೀದಾ ನಮ್ಮ ಅಡುಗೆಮನೆಗೆ ಹೋಗಿ, ಕಾಚಂಪುಳಿಯ ಹುಳಿ ಹಾಕಿದ ಪಂದಿ ಕರಿ (ಹಂದಿ ಮಾಂಸದ ಸಾರು) ಮುಂದೆ ಕೂತುಬಿಟ್ಟಿತು.

ಮನೆ ತಲುಪಿದಾಗ ಅವ್ವ ಒಳಗೇ ಬಿಡಲಿಲ್ಲ. ಕಣದಲ್ಲಿ ಕಾಫಿ ಕೆದಕುತ್ತಿದ್ದವರು ನನ್ನನ್ನು ಅಲ್ಲೇ ನಿಲ್ಲಿಸಿ, ಬಟ್ಟೆ ಎಲ್ಲ ಬಿಚ್ಚಿಸಿ, ಬಿಸಿನೀರಿನ ಬಕೆಟ್‌ಗೆ ಹಾಕಿಸಿದರು. ಉಣುಗು. ಜನವರಿಯಲ್ಲಿ ಕಾಡಿಗೆ ಹೋದವರಿಗೆ ಗೊತ್ತು. ಸಾಸಿವೆ ಕಾಳಿಗಿಂತ ಸಣ್ಣ ಮರಿಗಳು, ಕಾಲ್ಚೀಲದ ಅಂಚು, ಸೊಂಟದ ಪಟ್ಟಿ, ಕಂಕುಳು, ಎಲ್ಲಿ ಬಿಗಿ ಇದೆಯೋ ಅಲ್ಲೇ ಕಚ್ಚಿ ಕೂತಿರುತ್ತವೆ. ಬಚ್ಚಲುಮನೆಯಲ್ಲಿ ಹಂಡೆ ಕೆಳಗೆ ಕಾಫಿ ಗಿಡದ ಸೌದೆ ಉರಿಯುತ್ತಿತ್ತು. ಚೊಂಬಿನ ಮೇಲೆ ಚೊಂಬು ಸುರಿದುಕೊಂಡೆ. ಕಡಿತಗಳ ಮೇಲೆ ಬಿಸಿನೀರು ಬಿದ್ದಾಗ ಆಗುವ ಆ ಹಾಯ್ ಅನ್ನುವ ಉರಿ ಇದೆಯಲ್ಲ, ಅದನ್ನು ಅನುಭವಿಸಿದವನೇ ಬಲ್ಲ. ನೀರು ಖಾಲಿಯಾಗುವವರೆಗೂ ಹೊರಗೆ ಬರಲಿಲ್ಲ.

ಆದರೂ ನಾನು ಜಾಸ್ತಿ ಖುಷಿಪಟ್ಟಿದ್ದು ಸ್ನಾನಕ್ಕಲ್ಲ, ಊಟಕ್ಕೂ ಅಲ್ಲ. ಅವತ್ತು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಯಾರನ್ನೂ ಎಬ್ಬಿಸದೆ, ಸುಮ್ನೆ ಎದ್ದು ಬಾತ್‌ರೂಮಿಗೆ ಹೋಗಿ ಬಂದೆ. ಇಷ್ಟೇ. ಇಷ್ಟು ವರ್ಷದಲ್ಲಿ ಇದೊಂದು ಸೌಕರ್ಯ ಅಂತ ತಲೆಗೆ ಹೊಳೆದೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. "ಅವರ ಕಷ್ಟ ನೋಡಿ ನಮ್ಮ ಸುಖದ ಬೆಲೆ ತಿಳಿಯಿತು" ಅನ್ನುವ ಮಾತು ನನಗೆ ಆಗಿಬರಲ್ಲ. ಶಿಬಿರದ ವಾಚರ್‌ಗಳ ಕಷ್ಟ ನಮ್ಮ ಕಾಫಿಗೆ ಹಾಕಿಕೊಳ್ಳುವ ಬೆಲ್ಲ ಅಲ್ಲ. ನಾನು ವಾಪಸ್ ಬಂದೆ, ಅವರು ಅಲ್ಲೇ ಇದ್ದಾರೆ. ಅವರಲ್ಲಿ ಬಹಳಷ್ಟು ಜನ ಕಾಡಂಚಿನ ಹಾಡಿಗಳವರು, ಅಂದರೆ ಆದಿವಾಸಿ ಕೇರಿಗಳವರು, ಖಾಯಂ ಕೆಲಸ ಇಲ್ಲದವರೇ ಜಾಸ್ತಿ. ನಮ್ಮ ಜೊತೆ ನಡೆದ ಹಿರಿಯ ವಾಚರ್ ಒಬ್ಬರನ್ನು ಕೇಳಿದ್ದೆ, "ಅಣ್ಣ, ರಜೆಯಲ್ಲಿ ಮನೆಗೆ ಹೋದರೆ ಮೊದಲು ಏನು ಮಾಡ್ತೀರಿ?" ಹೆಂಡತಿ, ಮಕ್ಕಳು, ಊಟ ಅಂತ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ. "ಕಟಿಂಗ್ ಶಾಪಿಗೆ ಹೋಗ್ತೀನಿ ಸಾರ್. ಅಲ್ಲಿ ಮುಖ ಪೂರ್ತಿ ಕಾಣುತ್ತೆ. ಇಲ್ಲಿ ಇರೋದು ಬೈಕ್ ಕನ್ನಡಿ ಒಂದೇ, ಅದ್ರಲ್ಲಿ ಅರ್ಧ ಮೀಸೆ ಕಾಣುತ್ತೆ" ಅಂದರು. ನಕ್ಕೆವು. ಅವರಿಗೂ ಸುಖ ಬೇಕು, ನನಗೂ ಬೇಕು. ಕಾಡು ಕಾಯುವವರು ಸರಳ ಜೀವಿಗಳು, ಅವರಿಗೆ ಏನೂ ಬೇಡ ಅಂತ ನಾವು ಬರೆದರೆ ಅವರ ಶಿಬಿರಕ್ಕೆ ಒಳ್ಳೆಯ ಶೌಚಾಲಯ ಬರುವುದು ಇನ್ನೂ ಹತ್ತು ವರ್ಷ ತಡವಾಗುತ್ತದೆ, ಅಷ್ಟೇ.

ಹಾಗಂತ ಮನೆ ಅಂದರೆ ಭಯ ಇಲ್ಲದ ಜಾಗ ಅಂತ ಕೊಡಗಿನಲ್ಲಿ ಕೂತು ಬರೆಯಲು ಆಗಲ್ಲ. ಬಂದ ಮಾರನೇ ಬೆಳಿಗ್ಗೆಯೇ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್: ಪಕ್ಕದ ತೋಟದಲ್ಲಿ ಆನೆಗಳಿವೆ, ಕಾರ್ಮಿಕರನ್ನು ಕಳಿಸಬೇಡಿ. ನಮ್ಮ ಬಾತ್‌ರೂಮ್ ಮನೆಯೊಳಗಿದೆ, ಸರಿ. ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇರುವವರಿಗೆ? ಎಷ್ಟೋ ತೋಟಗಳಲ್ಲಿ ಅವರ ಶೌಚಾಲಯ ಇವತ್ತಿಗೂ ಅಂಗಳ ದಾಟಿ ಆಚೆ ಇದೆ. ಅವರು ಅಲ್ಲಿಗೆ ಯಾವ ಹಿಕ್ಕೆ ಎಣಿಸಲೂ ಹೋಗಿದ್ದಲ್ಲ, ಕಾಫಿ ಕುಯ್ಯಲು ಬಂದವರು. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಈ ಸಲದ ಕಾಫಿ ದುಡ್ಡಲ್ಲಿ ಮೊದಲು ಮಾಡಬೇಕಾದ ಕೆಲಸ ಯಾವುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮುಂದಿನ ಗಣತಿಗೆ ಕರೆ ಬಂದರೆ ಮತ್ತೆ ಅರ್ಜಿ ಹಾಕುತ್ತೇನೆ. ಹೋಗುವವರು ಕಾಲ್ಚೀಲ ಜಾಸ್ತಿ ಇಟ್ಟುಕೊಳ್ಳಿ, ಶಿಬಿರದವರಿಗೆ ತರಕಾರಿ ಒಂದಿಷ್ಟು ಒಯ್ಯಿರಿ, ಬೀನ್ಸ್ ಕಂಡರೆ ಅವರಿಗೆ ಹಬ್ಬ. ಉಣುಗು ಕಚ್ಚಿದ ತುರಿಕೆಗೆ ಮದ್ದು ಗೊತ್ತಿದ್ದವರು ಹೇಳಿ. ಬೇವಿನೆಣ್ಣೆ ಮಾತ್ರ ಬೇಡ, ಅವ್ವ ಆಗಲೇ ಬಾಟಲಿ ಖಾಲಿ ಮಾಡಿದ್ದಾರೆ.