ಇದರಲ್ಲಿ ಪವರ್ ಇದೆಯಾ?

ಕಸ ಗುಡಿಸುವವಳು ನಾನು. ಕಸ ಗುಡಿಸುವ ಯಂತ್ರ ಆರಿಸುವವರು ಇವರು. ನಮ್ಮ ಮನೆಯಲ್ಲಿ ಈ ಖಾತೆ ಹಂಚಿಕೆ ಯಾವಾಗ ಆಯಿತೋ, ಯಾರು ಸಹಿ ಹಾಕಿದರೋ ಗೊತ್ತಿಲ್ಲ. ಸೆಂಟ್ರಲ್ ವ್ಯಾಕ್ಯೂಮಿನ ಪವರ್ ಹೆಡ್ ಕೆಟ್ಟು ಕೂತ ಮೇಲೆ ಮಾತ್ರ ಅದು ನನ್ನ ಹೊಟ್ಟೆ ಉರಿಸುತ್ತಿದೆ.

ಇಲ್ಲಿ ಕೆನಡಾದ ಮಿಸಿಸಾಗಾದಲ್ಲಿ ಇರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಓದುತ್ತಿರುವವರಿಗಾಗಿ ಎರಡು ಮಾತು. ಈ ವ್ಯಾಕ್ಯೂಮಿನ ಮೋಟರ್ ಗರಾಜಿನ ಗೋಡೆಗೆ ನೇತುಬಿದ್ದಿರುತ್ತದೆ. ಮನೆಯ ಗೋಡೆಗಳೊಳಗೆ ಎರಡಿಂಚಿನ ಪ್ಲಾಸ್ಟಿಕ್ ಪೈಪು ಓಡಾಡಿರುತ್ತದೆ. ಪ್ರತಿ ಮಹಡಿಯಲ್ಲೂ ಗೋಡೆಯಲ್ಲಿ ಮುಚ್ಚಳವಿರುವ ತೂತು, ಅದಕ್ಕೆ ಇನ್ಲೆಟ್ ಅಂತ ಹೆಸರು. ಮೂವತ್ತೋ ಮೂವತ್ತೈದೋ ಅಡಿಯ ಹೋಸನ್ನು ಹೆಗಲ ಮೇಲೆ ಹೊತ್ತು ತಂದು ಅಲ್ಲಿ ಸಿಕ್ಕಿಸಿದರೆ ಗರಾಜಿನಲ್ಲಿ ಮೋಟರ್ ಗೊಂಯ್ ಅನ್ನುತ್ತದೆ. ಧೂಳೆಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ. ಮನೆಯೊಳಗೆ ಸದ್ದು ಕಡಿಮೆ. ಚೆನ್ನಾಗಿದೆ ಅಲ್ವಾ?

ಆದರೆ ಕಾರ್ಪೆಟ್ ಇರುವ ಕಡೆ ಬರೀ ಎಳೆದುಕೊಂಡರೆ ಸಾಲದು. ನೂಲಿನ ಬುಡದಲ್ಲಿ ಸಾಸಿವೆ ಕಾಳು, ಕೊಬ್ಬರಿ ತುರಿ, ಹೋದ ಗಣೇಶನ ಹಬ್ಬದ ಅಕ್ಷತೆ ಎಲ್ಲ ಸೇರಿ ಸಂಸಾರ ಹೂಡಿರುತ್ತವೆ. ಅವನ್ನು ಬಡಿದು ಎಬ್ಬಿಸಬೇಕು. ಅದಕ್ಕೆ ಗಿರಗಿರ ತಿರುಗುವ ಬ್ರಶ್ಶಿರುವ ಮೂತಿ ಬೇಕು. ಅದೇ ಪವರ್ ಹೆಡ್. ನಮ್ಮದು ಒಂದು ಶನಿವಾರ ರಬ್ಬರ್ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು.

"ರೀ, ಹೋಗಿ ಇನ್ನೊಂದು ತನ್ನಿ" ಅಂದೆ. ಇವರು ಲ್ಯಾಪ್‌ಟಾಪ್ ತೆಗೆದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಪವರ್ ಹೆಡ್‌ನಲ್ಲಿ ಎರಡು ಜಾತಿ. ಒಂದು ಗಾಳಿಯಿಂದಲೇ ತಿರುಗುವುದು. ಕರೆಂಟ್ ಬೇಡ, ವೈರ್ ಬೇಡ, ಬೆಲೆಯೂ ಕಡಿಮೆ. ಆದರೆ ಕಸ ಎಳೆಯಬೇಕಾದ ಗಾಳಿ ಬ್ರಶ್ ತಿರುಗಿಸುವುದರಲ್ಲೇ ಸುಸ್ತಾಗುತ್ತದೆ. ದಪ್ಪ ಕಾರ್ಪೆಟ್ ಸಿಕ್ಕಿದರೆ ನಿಂತೇಬಿಡುತ್ತದೆ. ಇನ್ನೊಂದಕ್ಕೆ ತನ್ನದೇ ಮೋಟರ್ ಇದೆ. ಅದಕ್ಕೆ 120 ವೋಲ್ಟ್ ಬೇಕು. ಇನ್ಲೆಟ್ಟಿನಲ್ಲಿ ಸಾಧಾರಣವಾಗಿ ಇರುವುದು 24 ವೋಲ್ಟ್, ಗರಾಜಿನ ಮೋಟರನ್ನು ಎಬ್ಬಿಸುವುದಕ್ಕಷ್ಟೇ ಸಾಕು. ಹೊಸ ಮನೆಗಳಲ್ಲಿ ಇನ್ಲೆಟ್ಟಿನಲ್ಲೇ 120 ಕೂಡ ಬರುತ್ತದೆ, ಅದರ ಗುರುತಿಗೆ ಪಕ್ಕದಲ್ಲಿ ಇನ್ನೆರಡು ಸಣ್ಣ ತೂತು. ಹಳೆ ಮನೆಯಾದರೆ ಹೋಸಿನ ತುದಿಯಿಂದ ಒಂದು ವೈರ್ ಇಳಿಬಿದ್ದಿರುತ್ತದೆ, ಅದನ್ನು ಹತ್ತಿರದ ಪ್ಲಗ್ಗಿಗೆ ಬೇರೆ ಚುಚ್ಚಬೇಕು. ನಮ್ಮದು ಹಳೆ ಮನೆ. ಮಹಡಿಯ ಮೇಲೆ ಹತ್ತಿರದ ಪ್ಲಗ್ ಇರುವುದು ಬಟ್ಟೆ ಬೀರುವಿನ ಹಿಂದೆ.

ಇಷ್ಟು ತಿಳಿದರೆ ಯಾರಾದರೂ ಅಂಗಡಿಗೆ ಹೋಗಿ ತರುತ್ತಾರೆ. ಇವರು ಎಕ್ಸೆಲ್ ಶೀಟ್ ಮಾಡಿದರು. ಅಗಲ ಹನ್ನೆರಡಿಂಚೋ ಹದಿನಾಲ್ಕೋ. ಬೆಲ್ಟಿಗೆ ಹಲ್ಲು ಇದೆಯೋ ಇಲ್ಲವೋ. ಎತ್ತರ ಹೆಚ್ಚು ಕಡಿಮೆ ಮಾಡಬಹುದೋ ಇಲ್ಲವೋ. ಈ ಕೊನೆಯದು ಮುಖ್ಯ, ಒಪ್ಪುತ್ತೇನೆ. ಮೆತ್ತನೆಯ ಉದ್ದ ನೂಲಿನ ಕಾರ್ಪೆಟ್ಟಿಗೆ ತೀರಾ ತಗ್ಗಿದ ಹೆಡ್ ಹಾಕಿದರೆ ಜಿಗಣೆ ಕಚ್ಚಿಕೊಂಡ ಹಾಗೆ ಕಚ್ಚಿಕೊಳ್ಳುತ್ತದೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕುಣಿಕೆ ಕುಣಿಕೆಯಾಗಿ ನೇಯ್ದ ಬರ್ಬರ್ ಕಾರ್ಪೆಟ್ ಆದರೆ ಬ್ರಶ್ ಎಳೆಯನ್ನೇ ಕಿತ್ತುಬಿಡಬಹುದು. ಸರಿ, ಆದರೆ ಹೆಡ್‌ಲೈಟಿನ ಬಣ್ಣಕ್ಕೂ ಒಂದು ಕಾಲಂ ಬೇಕಾ? "ಕಣ್ಣಿಗೆ ತಂಪಾಗಿರಬೇಕಲ್ಲ" ಅಂದರು. ಯಾರ ಕಣ್ಣಿಗೆ? ಅದರ ಹಿಂದೆ ನಡೆಯುವವಳು ನಾನು!

ಶೀಟ್ ತುಂಬಿದ ಮೇಲೆ ಕ್ಷೇತ್ರಕಾರ್ಯ ಶುರುವಾಯಿತು. ಊಟಕ್ಕೆ ಕರೆದವರ ಮನೆಗೆಲ್ಲ ಹೋಗಿ ಅವರ ವ್ಯಾಕ್ಯೂಮ್ ನೋಡುವುದು. ಚಪ್ಪಲಿ ಬಿಟ್ಟ ತಕ್ಷಣ ಇವರ ಕಣ್ಣು ಗೋಡೆಯ ಬುಡದಲ್ಲಿ ಇನ್ಲೆಟ್ ಹುಡುಕುತ್ತದೆ. "ಮಕ್ಕಳು ಚೆನ್ನಾಗಿದ್ದಾರಾ?" ಅಂತ ಅವರು ಕೇಳಿದರೆ "ಕ್ಲಾಸೆಟ್ ತೆಗೆದು ನೋಡಲಾ?" ಅಂತ ಇವರು ಕೇಳುತ್ತಾರೆ. ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿಯಬೇಕು.

ಬ್ರಾಂಪ್ಟನ್ನಿನಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಾರ್ಪೆಟ್ ಮೇಲೆ ಬೆಡ್‌ಶೀಟ್ ಹಾಸಿ ಎಲ್ಲರೂ ಕೂತಿದ್ದೆವು. ಮಂಗಳಾರತಿಯ ಹೊತ್ತು. ಸ್ಮೋಕ್ ಅಲಾರಂ ಕೂಗದಿರಲಿ ಅಂತ ಹುಡುಗನೊಬ್ಬ ಅದರ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದ. ತಿರುಗಿ ನೋಡಿದರೆ ಇವರಿಲ್ಲ. ಮೆಟ್ಟಿಲ ಪಕ್ಕ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ, ಫೋನಿನ ಟಾರ್ಚ್ ಹಿಡಿದು ಇನ್ಲೆಟ್ಟಿನ ಮುಚ್ಚಳ ಎತ್ತುತ್ತಿದ್ದಾರೆ. ಎರಡು ತೂತು ಜಾಸ್ತಿ ಇದೆಯೋ ಇಲ್ಲವೋ ನೋಡಬೇಕಲ್ಲ!

ಅಷ್ಟರಲ್ಲಿ ಆ ಮನೆಯ ಅಜ್ಜಿ ಮಂತ್ರಾಕ್ಷತೆ ತಟ್ಟೆ ಹಿಡಿದು ಆ ಕಡೆಗೇ ಬಂದರು. ಮೈಸೂರಿನಿಂದ ಆಗಷ್ಟೇ ಬಂದವರು. ಇಷ್ಟುದ್ದ ಬಾಗಿದ ಗಂಡಸನ್ನು ನೋಡಿ ಅವರಿಗೆ ಕರುಳು ಚುರ್ ಅಂದಿರಬೇಕು. "ದೀರ್ಘಾಯುಷ್ಮಾನ್ ಭವ" ಅಂತ ಒಂದು ಹಿಡಿ ಅಕ್ಷತೆಯನ್ನು ಬೋಳು ತಲೆಯ ಮೇಲೆ ಸುರಿದರು. ಇವರು ತಲೆ ಎತ್ತಲಿಲ್ಲ. ಬಗ್ಗಿದಲ್ಲಿಂದಲೇ ಕೇಳಿದರು, "ಅಮ್ಮಾ, ಇದರಲ್ಲಿ ಪವರ್ ಇದೆಯಾ?"

ಅಜ್ಜಿಗೆ ಕಣ್ಣು ತುಂಬಿ ಬಂತು. "ಇದೆಯಪ್ಪಾ, ಇಲ್ಲದೆ ಏನು! ತುಂಬಾ ಪವರ್ ಇದೆ. ನಂಬಿದವರನ್ನು ಕೈ ಬಿಟ್ಟಿಲ್ಲ."

"ಎಲ್ಲಾ ಮಹಡೀಲೂ ಇದೆಯಾ?"

"ಎಲ್ಲಾ ಕಡೇನೂ ಇದ್ದಾನಪ್ಪಾ!"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಜ್ಜಿ ನನ್ನ ಕೈ ಹಿಡಿದು, "ಈ ಕಾಲದಲ್ಲಿ ಇಷ್ಟು ಶ್ರದ್ಧೆ ಇರೋರು ಎಲ್ಲಿ ಸಿಗ್ತಾರಮ್ಮಾ? ನೀನು ಪುಣ್ಯ ಮಾಡಿದ್ದೆ" ಅಂದರು. ಏನು ಹೇಳಲಿ? ಶ್ರದ್ಧೆ ಇರುವುದಂತೂ ನಿಜ.

ಇವರ ಪುಣ್ಯಕ್ಕೆ ಅಕ್ಷತೆಯೆಲ್ಲ ಉದುರಿ ಕಾರ್ಪೆಟ್ಟಿಗೆ ಬಿತ್ತು. ಮನೆಯಾಕೆ ವ್ಯಾಕ್ಯೂಮ್ ತಂದರು. ಇವರು ಸಪಾದಭಕ್ಷ್ಯದ ದೊನ್ನೆ ಹಿಡಿದು ಉಪನ್ಯಾಸ ಶುರು ಮಾಡಿದರು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ವ್ಯಾಕ್ಯೂಮ್ ಎಷ್ಟು ದೊಡ್ಡದಿತ್ತು ಅಂದರೆ ಅದನ್ನು ಕುದುರೆ ಗಾಡಿಯ ಮೇಲೆ ತಂದು ಬೀದಿಯಲ್ಲೇ ನಿಲ್ಲಿಸುತ್ತಿದ್ದರು. ಕಿಟಕಿಯಿಂದ ಉದ್ದುದ್ದ ಹೋಸುಗಳು ಮಾತ್ರ ಮನೆಯೊಳಗೆ. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ಟನ್ನು ಅದರಲ್ಲೇ ಶುಚಿ ಮಾಡಿದ್ದು. ದೊಡ್ಡ ಮನೆಯ ಹೆಂಗಸರು ಗೆಳತಿಯರನ್ನು ಟೀಗೆ ಕರೆದು ಧೂಳು ಎಳೆಯುವುದನ್ನು ತೋರಿಸುತ್ತಿದ್ದರಂತೆ. "ನೋಡಿ, ಮೋಟರ್ ಹೊರಗೆ, ಹೋಸ್ ಒಳಗೆ. ನಮ್ಮದೂ ಅದೇ" ಅಂದರು. ಅಲ್ಲಿ ಗುಡಿಸಿದ್ದು ಬೂತನ ಆಳುಗಳು, ಟೀ ಕುಡಿದದ್ದು ಹೆಂಗಸರು. ಅದು ನಮ್ಮ ಮನೆಯಲ್ಲಿ ಹೇಗೆ ಅದಲು ಬದಲಾಯಿತೋ!

ಹಳೆ ಹೆಡ್ ಬಿಸಾಕುವ ಮೊದಲು ಬ್ರಶ್ಶಿನ ಅಳತೆ ಬೇಕು ಅಂದರು. ಅದಕ್ಕೆ ಸುತ್ತಿಕೊಂಡ ಕೂದಲನ್ನು ಕತ್ತರಿಯಲ್ಲಿ ಬಿಡಿಸಲು ಕೂತೆ. ಮೇಲೆಲ್ಲ ನನ್ನದು, ಕಪ್ಪು ಬಿಳಿ ಬೆರೆತದ್ದು. ಕೆಳಗೆ ಹೋದ ಹಾಗೆ ನೇರಳೆ ಬಣ್ಣದ್ದು ಸಿಕ್ಕಿತು. ಹನ್ನೆರಡನೇ ಕ್ಲಾಸಿನಲ್ಲಿ ಮಗಳು ನನ್ನ ಜೊತೆ ಜಗಳ ಆಡಿ ಹಾಕಿಸಿಕೊಂಡ ಬಣ್ಣ ಅದು. ಚಿಕ್ಕವಳಿದ್ದಾಗ ಇವಳೇ ಇನ್ಲೆಟ್ಟಿಗೆ ಕಾಲುಚೀಲ ತುರುಕಿ, ಗರಾಜಿಗೆ ಓಡಿಹೋಗಿ ಹೊರಗೆ ಬರುತ್ತದಾ ಅಂತ ಕಾಯುತ್ತಿದ್ದಳು. ಈಗ ಹ್ಯಾಲಿಫ್ಯಾಕ್ಸಿನಲ್ಲಿ ಓದುತ್ತಿದ್ದಾಳೆ. ಫೋನ್ ಮಾಡಿ ಹೇಳಿದರೆ "ಅಮ್ಮಾ, ಛೀ, ಅದನ್ನ ಬಿಸಾಕು" ಅಂದಳು. ಬಿಸಾಕಿದೆ. ಸ್ವಲ್ಪ ಹೊತ್ತು ಆದ ಮೇಲೆ.

ಅಂತೂ ಇಂತೂ ಒಂದು ಹೆಡ್ ಬಂತು. ಎತ್ತರ ಹೊಂದಿಸಬಹುದು, ಹಲ್ಲಿನ ಬೆಲ್ಟ್, ಕಣ್ಣಿಗೆ ತಂಪಾದ ದೀಪ. ಹೋಸಿಗೂ ಹೆಡ್ಡಿಗೂ ನಡುವೆ ಕೈಯಲ್ಲಿ ಹಿಡಿಯುವ ಕೊಳವೆಗೆ ಸಿಕ್ಕಿಸಿದರೆ ಕೂರಲಿಲ್ಲ. ಇದರ ಕತ್ತಿನಲ್ಲಿ ಗುಂಡಿ ಕೂರುವ ತೂತಿದೆ, ನಮ್ಮ ಹಳೆ ಕೊಳವೆಯಲ್ಲಿ ಗುಂಡಿಯೇ ಇಲ್ಲ, ಅದು ಬಿಗಿಯಾಗಿ ತುರುಕುವ ಜಾತಿ. ಅಷ್ಟು ದೊಡ್ಡ ಶೀಟಿನಲ್ಲಿ ಆ ಒಂದು ಕಾಲಂ ಇರಲಿಲ್ಲ. ನಾನು ಏನೂ ಅನ್ನಲಿಲ್ಲ. ಅನ್ನದೆ ಇರುವುದನ್ನು ಸ್ವಲ್ಪ ಜೋರಾಗಿಯೇ ಮಾಡಿದೆ. ಆಮೇಲೆ ಕೊಳವೆ ಬಂತು. ಅದರ ಹಿಂದೆ ಹೊಸ ಹೋಸೂ ಬಂತು.

ಈಗ ಕೆಲಸ ಮಾಡುತ್ತದೆ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಮಾಡುತ್ತದೆ. ಕಷ್ಟ ಅಂದರೆ ಇವರು ಊರಿಗೆಲ್ಲ ಸಲಹೆಗಾರರಾಗಿದ್ದಾರೆ. ಯಾರದೋ ಮನೆಯಲ್ಲಿ ಹೆಡ್ ಕೆಟ್ಟಿದೆ ಅಂತ ನಿನ್ನೆ ಫೋನ್ ಬಂತು. ಇವರು ನಮ್ಮದನ್ನು ಹೋಸು ಕೊಳವೆ ಸಮೇತ ಕಾರಿಗೆ ಹಾಕಿಕೊಂಡು ಡೆಮೊ ಕೊಡಲು ಹೋದರು. "ಒಂದು ವಾರ ಬಳಸಿ ನೋಡಿ" ಅಂತ ಅಲ್ಲೇ ಬಿಟ್ಟು ಬಂದಿದ್ದಾರೆ. ಇವತ್ತು ಬೆಳಿಗ್ಗೆ ಸೋಫಾದಲ್ಲಿ ಕೂತು ಅವಲಕ್ಕಿ ಒಗ್ಗರಣೆ ತಿಂದವರೂ ಇವರೇ. ಅರ್ಧ ತಟ್ಟೆ ಕಾರ್ಪೆಟ್ ಮೇಲಿದೆ. ಹಳೆ ಪೊರಕೆ ಹುಡುಕಿ ಅವರ ಕೈಗೇ ಕೊಟ್ಟಿದ್ದೇನೆ. ಯಾವ ಕಡೆ ಹಿಡಿಯಬೇಕು ಅಂತ ನೋಡುತ್ತಿದ್ದಾರೆ.